ಭಯಾನಕ ಕಥೆಗಳ ವಾಚನ: ಶ್ರಾವಕ ದೃಷ್ಟಿಯ ಒಂದು ವಿಮರ್ಶೆ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವ ಮನೆಯಲ್ಲಿ ಮಕ್ಕಳಿಗೆ ದೀರ್ಘವಾದ ಸಂಜೆಯೊಂದು ಉಳಿಯುತ್ತದೆ. ಆ ಸಂಜೆಯಲ್ಲಿ ಅವರು ಬೇಡುವ ಕಥೆಗಳಲ್ಲಿ ದೆವ್ವದ ಕಥೆಯೇ ಮೊದಲನೆಯದು. ಹಿಂದೆ ಅಜ್ಜಿ ಹೇಳುತ್ತಿದ್ದಳು. ಅನಂತರ ವಾರಪತ್ರಿಕೆಯ ಧಾರಾವಾಹಿ ಹೇಳಿತು. ಇಂದು ಕೈಯಲ್ಲಿರುವ ಮೊಬೈಲು ಹೇಳುತ್ತದೆ. ಹಿರಿಯರು ಗದರಿಸಿದರೆ ಮಕ್ಕಳು ಹೊದಿಕೆಯೊಳಗೆ ಓದುತ್ತಾರೆ. ಆದುದರಿಂದ ಇಂಥ ಕಥೆಗಳನ್ನು ಓದಬೇಕೆ, ಬೇಡವೆ ಎಂಬ ಚರ್ಚೆಗಿಂತ ಯಾವುದನ್ನು ಓದಬೇಕು, ಏಕೆ ಓದಬೇಕು ಎಂಬ ವಿಚಾರವೇ ಗೃಹಸ್ಥರಿಗೂ ಬಸದಿಯ ಗ್ರಂಥಭಂಡಾರವನ್ನು ನೋಡಿಕೊಳ್ಳುವ ಟ್ರಸ್ಟುಗಳಿಗೂ ಹೆಚ್ಚು ಉಪಯುಕ್ತವಾದುದು.

ದುಃಶ್ರುತಿಯ ಆಕ್ಷೇಪ

ಹಿರಿಯರ ಆಕ್ಷೇಪವು ಹಗುರವಾದುದಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಪ್ರಕಾರಗಳಲ್ಲಿ ದುಃಶ್ರುತಿಯನ್ನೂ ಎಣಿಸಿದೆ. ಚಿತ್ತವನ್ನು ಕಲುಷಗೊಳಿಸುವ ಮಾತುಗಳನ್ನು ಕೇಳುವುದೇ ಒಂದು ದೋಷವೆಂಬುದು ಅಲ್ಲಿಯ ಅಭಿಪ್ರಾಯ. ಭಯ ಮತ್ತು ಜುಗುಪ್ಸೆ ಎರಡೂ ಒಂಬತ್ತು ನೋಕಷಾಯಗಳಲ್ಲಿ ಸೇರಿವೆ. ಸಮ್ಯಗ್ದೃಷ್ಟಿಯುಳ್ಳವನು ಇಹಲೋಕಭಯ ಮೊದಲಾದ ಏಳು ಭಯಗಳಿಂದ ಬಿಡುಗಡೆ ಹೊಂದಿದವನೆಂದು ಆಚಾರ್ಯರು ಹೇಳಿದ್ದಾರೆ. ಹೀಗಿರುವಾಗ ಹಣ ತೆತ್ತು ಭಯವನ್ನು ಮನೆಯೊಳಗೆ ತರುವುದು ಯಾವ ನ್ಯಾಯವೆಂದು ಕೇಳುವವರನ್ನು ಅರಸಿಕರೆಂದು ತಳ್ಳಿಹಾಕಲಾಗದು.

ಆದರೆ ಅದೇ ಶಾಸ್ತ್ರವು ಇನ್ನೊಂದು ಮಾತನ್ನೂ ಹೇಳುತ್ತದೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಸಂವೇಗವೂ ಒಂದು. ಸಂಸಾರದುಃಖಕ್ಕೆ ಸದಾ ಅಂಜಿ ನಡೆಯುವುದೇ ಸಂವೇಗವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅಂದರೆ ಎಲ್ಲ ಅಂಜಿಕೆಯೂ ತ್ಯಾಜ್ಯವಲ್ಲ. ಕತ್ತಲೆಗೆ ಅಂಜುವುದು ಒಂದು; ತನ್ನ ಕೈಯಿಂದ ಆಗಬಹುದಾದ ಕೃತ್ಯಕ್ಕೆ ಅಂಜುವುದು ಇನ್ನೊಂದು. ಮೊದಲನೆಯದು ಮನುಷ್ಯನನ್ನು ಕುಗ್ಗಿಸುತ್ತದೆ, ಎರಡನೆಯದು ತಿದ್ದುತ್ತದೆ.

ಈ ಭೇದದಿಂದಲೇ ವಿಮರ್ಶೆಗೊಂದು ಒರೆಗಲ್ಲು ದೊರೆಯುತ್ತದೆ. ಪುಸ್ತಕವನ್ನು ಮುಚ್ಚಿದ ಮೇಲೆ ಓದುಗನ ಭಯವು ಯಾರ ಕಡೆಗೆ ತಿರುಗುತ್ತದೆ? ನೆರೆಮನೆಯ ಮುದುಕಿಯ ಕಡೆಗೋ, ಅಪರಿಚಿತನ ಕಡೆಗೋ ತಿರುಗಿದರೆ ಆ ಕೃತಿ ದುಃಶ್ರುತಿ. ತನ್ನ ಕೈಯ ಕಡೆಗೆ, ತನ್ನ ಸಂಕಲ್ಪದ ಕಡೆಗೆ ತಿರುಗಿದರೆ ಅದು ಸ್ವಾಧ್ಯಾಯಕ್ಕೆ ಸಮೀಪವಾದುದು.

ವಾತಾಪಿಯ ಹೊಟ್ಟೆ

ಈ ಒರೆಗಲ್ಲನ್ನು ಮೊದಲು ಬಾಗಲಕೋಟೆ ಜಿಲ್ಲೆಯ ಅತ್ಯಂತ ಹಳೆಯ ಭಯಾನಕ ಕಥೆಗೇ ಹಚ್ಚಿ ನೋಡಬಹುದು. ಬಾದಾಮಿಯ ಪ್ರಾಚೀನ ನಾಮ ವಾತಾಪಿ. ಇಲ್ವಲ ಮತ್ತು ವಾತಾಪಿ ಎಂಬ ರಾಕ್ಷಸ ಸೋದರರ ಕಥೆ ಮಹಾಭಾರತದ ವನಪರ್ವದಲ್ಲಿದೆ. ತಮ್ಮ ಟಗರಾಗುತ್ತಾನೆ, ಅಣ್ಣ ಅವನನ್ನು ಕೊಯ್ದು ಅಡಿಗೆ ಮಾಡಿ ಅತಿಥಿಗೆ ಬಡಿಸುತ್ತಾನೆ, ಊಟವಾದ ಮೇಲೆ ಹೆಸರು ಹಿಡಿದು ಕರೆಯುತ್ತಾನೆ, ವಾತಾಪಿ ಅತಿಥಿಯ ಹೊಟ್ಟೆ ಸೀಳಿ ಹೊರಬರುತ್ತಾನೆ. ಅಗಸ್ತ್ಯರು ಉಂಡು ಜೀರ್ಣಿಸಿಕೊಂಡುದರಿಂದ ಕಥೆ ಮುಗಿಯುತ್ತದೆ. ಬಾದಾಮಿಯ ಕೆರೆಗೆ ಇಂದಿಗೂ ಅಗಸ್ತ್ಯತೀರ್ಥವೆಂದೇ ಹೆಸರು. ಕೂಸಿಗೆ ಉಣ್ಣಿಸಿ ಹೊಟ್ಟೆ ಸವರುವಾಗ ‘ವಾತಾಪಿ ಜೀರ್ಣೋಭವ’ ಎನ್ನುವ ವಾಡಿಕೆ ಕನ್ನಡದ ಎಷ್ಟೋ ಮನೆಗಳಲ್ಲಿದೆ.

ಕಥೆಯ ಕಲ್ಪನೆ ಅಸಾಧಾರಣವಾದುದು. ಉಂಡ ಪ್ರಾಣಿ ಉಂಡವನ ಹೊಟ್ಟೆಯೊಳಗಿಂದ ಓಗೊಡುತ್ತದೆ ಎಂಬ ಒಂದೇ ಚಿತ್ರದಲ್ಲಿ ಮಾಂಸಾಹಾರದ ವಿಚಾರವೆಲ್ಲ ಅಡಗಿದೆ. ಆದರೆ ಕಥೆಯು ಆ ವಿಚಾರದವರೆಗೆ ಹೋಗುವುದಿಲ್ಲ. ಓದುಗನ ಭಯವೆಲ್ಲ ಮೋಸಗಾರನಾದ ರಾಕ್ಷಸನ ಮೇಲೆ ನಿಲ್ಲುತ್ತದೆ. ತಟ್ಟೆಯಲ್ಲಿದ್ದುದರ ಬಗ್ಗೆ ಯಾರೂ ಪ್ರಶ್ನಿಸುವುದಿಲ್ಲ. ಬಲವಾದ ಜಠರವಿದ್ದರೆ ಸಾಕು, ಎಲ್ಲವೂ ಜೀರ್ಣವಾಗುತ್ತದೆ ಎಂಬ ನೆಮ್ಮದಿಯಲ್ಲಿ ಕಥೆ ಕೊನೆಗೊಳ್ಳುತ್ತದೆ. ಜೀರ್ಣವಾಗದೆ ಉಳಿಯುವುದು ಕರ್ಮವೆಂದು ನಂಬಿದವರಿಗೆ ಇದು ಅರ್ಧಕ್ಕೆ ನಿಂತ ಕಥೆಯಾಗಿ ತೋರುತ್ತದೆ.

ಅದೇ ಅಗಸ್ತ್ಯತೀರ್ಥದ ಮೇಲಿನ ಬಂಡೆಯಲ್ಲಿ, ಬಾದಾಮಿಯ ನಾಲ್ಕನೆಯ ಗುಹೆಯಾದ ಜಿನಾಲಯದಲ್ಲಿ, ಪಾರ್ಶ್ವನಾಥ ಸ್ವಾಮಿಯ ಮೂರ್ತಿಯಿದೆ. ಹುನಗುಂದ ಸೀಮೆಯ ಐಹೊಳೆಯ ಜೈನ ಗುಹೆಯಲ್ಲಿಯೂ ಇದೆ. ಕಮಠನ ಉಪಸರ್ಗದ ಕಥೆ ಭಯಾನಕ ಸಾಮಗ್ರಿಯಿಂದ ತುಂಬಿದುದು: ಬಿರುಗಾಳಿ, ಕಲ್ಲಮಳೆ, ಭೂತಗಣ. ಶಿಲ್ಪಿಯಾದರೋ ಹೆಡೆಯೆತ್ತಿದ ನಾಗರಾಜನನ್ನೂ ಕದಲದೆ ನಿಂತ ಸ್ವಾಮಿಯನ್ನೂ ಮುಖ್ಯವಾಗಿ ಕಡೆದಿದ್ದಾನೆ. ಜನ್ಮಾಂತರದ ದ್ವೇಷವು ದ್ವೇಷಿಸುವವನನ್ನೇ ದಣಿಸುತ್ತದೆ; ಎದುರಿಗಿರುವವನಲ್ಲಿ ಪ್ರತಿದ್ವೇಷವಿಲ್ಲದಿದ್ದರೆ ಭಯಕ್ಕೆ ನೆಲೆಯೇ ಇಲ್ಲ. ಭಯಾನಕವು ಎಲ್ಲಿ ಮುಗಿಯಬೇಕೆಂಬುದನ್ನು ಈ ಎರಡು ಗುಹೆಗಳು ತೋರಿಸುತ್ತವೆ.

ಹಳಗನ್ನಡದ ಮೂರು ಗ್ರಂಥಗಳು

ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಡ್ಡಾರಾಧನೆಯು ಹತ್ತೊಂಬತ್ತು ಕಥೆಗಳ ಗದ್ಯಗ್ರಂಥ. ಮೊದಲನೆಯ ಕಥೆಯ ಸುಕುಮಾರಸ್ವಾಮಿ ಸಾಸಿವೆ ಕಾಳು ಒತ್ತಿದರೂ ನೋಯುವಷ್ಟು ಸುಕುಮಾರ. ಅವನು ತಪಸ್ಸಿಗೆ ನಿಂತಾಗ ಹೆಣ್ಣುನರಿಯೊಂದು ಮರಿಗಳೊಡನೆ ಬಂದು ಅವನನ್ನು ಕಾಲಿನಿಂದ ಮೊದಲುಮಾಡಿ ತಿನ್ನುತ್ತದೆ. ಭವಾಂತರದಲ್ಲಿ ಅವನು ಕೋಪದಿಂದ ಅತ್ತಿಗೆಯನ್ನು ಒದ್ದಿದ್ದ. ಅವಳೇ ಈ ನರಿ. ಎರಡನೆಯ ಕಥೆಯಲ್ಲಿ ಸುಕೌಶಲಸ್ವಾಮಿಯನ್ನು ಕೊಲ್ಲುವ ಹುಲಿ ಅವನ ಹೆತ್ತ ತಾಯಿ. ಮಗನ ಮೇಲಿನ ಮೋಹವೇ ಆರ್ತಧ್ಯಾನವಾಗಿ ಅವಳನ್ನು ಆ ಜನ್ಮಕ್ಕೆ ತಂದಿದೆ. ಇದಕ್ಕಿಂತ ಭೀಕರವಾದ ಕಲ್ಪನೆ ಯಾವ ಭಾಷೆಯ ಭಯಾನಕ ಸಾಹಿತ್ಯದಲ್ಲಿಯೂ ವಿರಳ. ಆದರೆ ಓದುಗನು ನರಿಗಾಗಲಿ ಹುಲಿಗಾಗಲಿ ಹೆದರಿ ಪುಸ್ತಕ ಮುಚ್ಚುವುದಿಲ್ಲ; ಎತ್ತಿದ ತನ್ನ ಕಾಲನ್ನು ನೋಡಿಕೊಂಡು ಮುಚ್ಚುತ್ತಾನೆ. ಹತ್ತನೆಯ ಶತಮಾನದ ಹೊತ್ತಿನ ಆ ಗದ್ಯವು ಇಂದಿನವರಿಗೆ ಕಠಿನವಾದರೂ ಹೊಸಗನ್ನಡ ರೂಪದಲ್ಲಿ ಹನ್ನೆರಡು, ಹದಿಮೂರು ವಯಸ್ಸಿನ ಮಕ್ಕಳಿಗೆ ಹಿರಿಯರು ಓದಿಹೇಳಬಹುದು.

ಎರಡನೆಯದು ರನ್ನನ ಗದಾಯುದ್ಧ. ರನ್ನನು ಈ ಸೀಮೆಯವನೇ. ಮುದುವೊಳಲು, ಅಂದರೆ ಇಂದಿನ ಮುಧೋಳದಲ್ಲಿ 949ರಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದವನು. ಬಳೆ ಮಾರುವವರ ಮಗ ಕವಿಚಕ್ರವರ್ತಿಯಾದುದು ವ್ಯಾಪಾರಸ್ಥ ಮನೆತನಗಳು ನೆನಪಿಡಬೇಕಾದ ಸಂಗತಿ. ಅವನ ದುರ್ಯೋಧನ ಸಂಜಯನೊಡನೆ ಯುದ್ಧ ಮುಗಿದ ರಣಭೂಮಿಯಲ್ಲಿ ನಡೆದು ಹೋಗುತ್ತಾನೆ. ಹೆಣಗಳ ರಾಶಿಯಲ್ಲಿ ಕಾಲು ಎಡವುತ್ತದೆ. ನೆತ್ತರು ಕುಡಿದ ಮರುಳುಗಳು ಅವನನ್ನು ಅಣಕಿಸುತ್ತವೆ. ‘ಮರುಳು’ ಎಂಬ ಪದಕ್ಕೆ ಭೂತವೆಂದೂ ಬುದ್ಧಿಗೆಟ್ಟವನೆಂದೂ ಎರಡು ಅರ್ಥಗಳಿವೆ. ನಿಜವಾದ ಮರುಳು ಯಾರು ಎಂದು ಭೂತಗಳೇ ಅರಸನನ್ನು ಕೇಳುವಂತೆ ಕವಿ ಮಾಡಿದ್ದಾನೆ. ಸಂಧಿ ಮಾಡಿಕೊಳ್ಳದೆ ಕುಲವನ್ನೆಲ್ಲ ಕೊಲ್ಲಿಸಿದವನ ಎದುರಿನಲ್ಲಿ ಭೂತವೇ ವಿವೇಕಿಯಾಗಿ ಕಾಣುತ್ತದೆ. ಅಣ್ಣತಮ್ಮಂದಿರು ಅಂಗಡಿಯ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಮನೆಗಳಲ್ಲಿ ಈ ಭಾಗವನ್ನು ಗಟ್ಟಿಯಾಗಿ ಓದಿಸಬೇಕು.

ಹಿಟ್ಟಿನ ಕೋಳಿಯ ಕೂಗು

ಆದರೆ ಕನ್ನಡದ ಭಯಾನಕ ಕೃತಿಗಳಲ್ಲಿ ಅಗ್ರಸ್ಥಾನ ಸಲ್ಲಬೇಕಾದುದು ಜನ್ನನ ಯಶೋಧರ ಚರಿತೆಗೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿ 1209ರಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ, ನಾಲ್ಕು ಅವತಾರಗಳ ಪುಟ್ಟ ಕಾವ್ಯವನ್ನು ರಚಿಸಿದನು. ಆರಂಭದಲ್ಲಿಯೇ ಚಂಡಮಾರಿಯ ಗುಡಿ. ವಸಂತದ ಸೊಬಗಿನ ನಡುವೆ ಬಲಿಗೆ ತಂದ ಜೋಡಿ ಜೋಡಿ ಪ್ರಾಣಿಗಳು, ಹಿಂಸೆಯ ಸಿಂಗಾರ, ಕತ್ತಿ ಹಿಡಿದ ಅರಸ ಮಾರಿದತ್ತ. ನರಬಲಿಗೆಂದು ಇಬ್ಬರು ಎಳೆಯರನ್ನು ಹಿಡಿದುತರುತ್ತಾರೆ. ಆ ಎಳೆಯರು ಅಂಜುವುದಿಲ್ಲ. ಅಂಜದಿರುವುದಕ್ಕೆ ಕಾರಣವೇನೆಂದು ಹೇಳುವ ಅವರ ಜನ್ಮಾಂತರಗಳ ವೃತ್ತಾಂತವೇ ಕಾವ್ಯ.

ಯಶೋಧರ ಅರಸನು ರಾಣಿ ಅಮೃತಮತಿಯ ವ್ಯಭಿಚಾರವನ್ನು ಕಣ್ಣಾರೆ ಕಂಡು, ಅದನ್ನು ದುಃಸ್ವಪ್ನವೆಂದು ಮರೆಸಿ ತಾಯಿ ಚಂದ್ರಮತಿಗೆ ಹೇಳುತ್ತಾನೆ. ತಾಯಿ ಶಾಂತಿಗಾಗಿ ಪ್ರಾಣಿಬಲಿ ಸೂಚಿಸುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತಿಗೆ ಮಣಿದು ಹಿಟ್ಟಿನ ಕೋಳಿಯೊಂದನ್ನು ಬಲಿಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ, ಬೆಂತರವೊಂದು ಹೊಕ್ಕ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಮೈ ನಡುಗಿಸುವ ಕೂಗು ಇನ್ನೊಂದಿಲ್ಲ. ನೆತ್ತರಿಲ್ಲ, ಪ್ರಾಣವಿಲ್ಲ, ಹಾನಿಯಾದುದು ಯಾರಿಗೂ ಇಲ್ಲ. ಇದ್ದುದು ಸಂಕಲ್ಪ ಮಾತ್ರ. ಕೂಗಿದುದೂ ಆ ಸಂಕಲ್ಪವೇ.

ಮುಂದೆ ತಾಯಿಮಕ್ಕಳು ರಾಣಿಯಿಂದ ವಿಷಪ್ರಾಶನವಾಗಿ ಸತ್ತು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿಗಳಾಗಿ ಹುಟ್ಟುತ್ತಾರೆ. ಮೀನಾಗಿ ಹುಟ್ಟಿದ ಯಶೋಧರನನ್ನು ಅವನ ಮಗನ ಮನೆಯಲ್ಲಿಯೇ ಕೊಯ್ದು, ತಂದೆಗೆ ಸದ್ಗತಿಯಾಗಲೆಂದು ಶ್ರಾದ್ಧದಲ್ಲಿ ಬಡಿಸುತ್ತಾರೆ. ವಾತಾಪಿಯ ಕಥೆ ಅರ್ಧಕ್ಕೆ ಬಿಟ್ಟುದನ್ನು ಜನ್ನ ಇಲ್ಲಿ ಪೂರ್ಣಗೊಳಿಸಿದ್ದಾನೆ. ತಟ್ಟೆಯಲ್ಲಿರುವವನು ಮಾಯಾವಿ ರಾಕ್ಷಸನಲ್ಲ, ಸ್ವಂತ ತಂದೆ. ಮೋಸ ಮಾಡಿದವರೂ ಯಾರೂ ಇಲ್ಲ, ಮಗನಿಗಿದ್ದುದು ಭಕ್ತಿಯೇ. ಭಕ್ತಿಯಿಂದ ಮಾಡಿದುದೂ ಹಿಂಸೆಯಾಗಬಹುದೆಂಬ ಈ ಅರಿವಿಗೆ ಯಾವ ಅಗಸ್ತ್ಯನ ಜಠರವೂ ಪರಿಹಾರವಲ್ಲ.

ಹಿಟ್ಟಿನ ಕೋಳಿಗೆ ಇಷ್ಟು ಜನ್ಮಗಳ ಶಿಕ್ಷೆಯೆ ಎಂದು ಇಂದಿನ ತರುಣರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು, ಗದರಿಸಿ ಬಾಯಿ ಮುಚ್ಚಿಸಬಾರದು. ಉತ್ತರವು ಹಿಂಸೆಯ ನಾಲ್ಕು ವಿಧಗಳಲ್ಲಿದೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿಸಲಾಗದವು. ಸಂಕಲ್ಪೀ ಹಿಂಸೆ ಮಾತ್ರ ಸಂಪೂರ್ಣ ವರ್ಜ್ಯ. ಅರಸನ ಕೈ ಹಿಟ್ಟನ್ನು ಕೊಯ್ದರೂ ಮನಸ್ಸು ಕೋಳಿಯನ್ನು ಕೊಯ್ದಿತು. ಶಿಕ್ಷೆ ಹೊರಗಿನಿಂದ ಯಾರೋ ವಿಧಿಸಿದುದಲ್ಲ, ಆ ಮನಸ್ಸೇ ಮುಂದುವರಿದುದು.

ಕಾವ್ಯದಲ್ಲಿ ಒಂದು ಕೊರತೆಯಿದೆ. ಅಮೃತಮತಿಯ ಒಳಮನಸ್ಸಿಗೆ ಕವಿ ಕೊಟ್ಟ ಅವಕಾಶ ಸಾಲದು. ಕಾವ್ಯವನ್ನು ಹೆಂಗಸರ ನಿಂದೆಗೆ ಬಳಸಿಕೊಂಡ ಉಪನ್ಯಾಸಗಳೂ ನಡೆಯುತ್ತವೆ. ಹಾಗೆ ಓದಿದರೆ ಭಯದ ಬೆರಳು ಮತ್ತೆ ಪರರ ಕಡೆಗೇ ತಿರುಗಿತು. ಒರೆಗಲ್ಲನ್ನು ಪರರ ಗ್ರಂಥಕ್ಕೆ ಹಚ್ಚಿದಂತೆ ಸ್ವಂತ ಗ್ರಂಥದ ವ್ಯಾಖ್ಯಾನಕ್ಕೂ ಹಚ್ಚಬೇಕು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವು ಇದೇ ವಸ್ತುವನ್ನು ಅರಸ, ರಾಣಿ, ತಾಯಿ, ಮಾವುತ ಎಂಬ ನಾಲ್ವರ ನಡುವಿಗೆ ತಂದು ರಾಣಿಗೂ ಮಾತು ಕೊಟ್ಟಿದೆ. ಸಂಪ್ರದಾಯಸ್ಥರಿಗೆ ಅದರ ಕೆಲವು ಅಂಶ ಒಪ್ಪಿಗೆಯಾಗದಿದ್ದರೂ ಪ್ರೌಢ ವಾಚಕರು ಎರಡನ್ನೂ ಜೊತೆಗಿಟ್ಟು ಓದುವುದು ಲೇಸು.

ಕರ್ನಾಟಕದಲ್ಲಿ ದೇವಾಲಯಗಳ ಪ್ರಾಣಿಬಲಿಯನ್ನು ತಡೆಯುವ ಕಾನೂನು 1959ರಲ್ಲಿಯೇ ಬಂದಿದೆ. ಆದರೆ ಕಾನೂನಿನ ಕೈ ಸಂಕಲ್ಪವನ್ನು ಮುಟ್ಟದು. ಶ್ರಾವಕರೂ ಈ ಕೂಗು ಪರರ ಜಾತ್ರೆಯದೆಂದು ನಿಶ್ಚಿಂತರಾಗುವಂತಿಲ್ಲ. ಮದುವೆಯ ಜವಳಿಯಲ್ಲಿ ಇಳಕಲ್ ಸೀರೆಗೆ ಈ ಭಾಗದಲ್ಲಿ ಮಾನ್ಯ ಸ್ಥಾನವಿದೆ. ಅನೇಕ ಸೀರೆಗಳ ಸೆರಗು ರೇಷ್ಮೆಯದು. ಗೂಡನ್ನು ಬಿಸಿನೀರಿಗೆ ಹಾಕಿ ಒಳಗಿನ ಜೀವಿಯೊಡನೆ ನೂಲು ತೆಗೆಯುವ ಬಗೆಯನ್ನು ತಿಳಿದವರು ಆ ಸೆರಗನ್ನು ಜನ್ನನ ಕಾವ್ಯದ ಪಕ್ಕದಲ್ಲಿಟ್ಟು ನೋಡಬೇಕು. ಇದು ನೇಕಾರನನ್ನು ದೂರುವ ಮಾತಲ್ಲ, ಅವನದು ಹೊಟ್ಟೆಪಾಡು. ಮಾರುವ ಮತ್ತು ಉಡುವ ಕೈಗಳು ವಿಚಾರಿಸಿಕೊಳ್ಳಬೇಕಾದ ಮಾತು. ಹತ್ತಿಯ ನೂಲಿನಲ್ಲಿಯೂ ಕೃತಕ ನೂಲಿನಲ್ಲಿಯೂ ಸೆರಗು ನೇಯಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಆಧುನಿಕ ಕೃತಿಗಳಲ್ಲಿ ಆಯ್ದವು

ಪಾಶ್ಚಾತ್ಯ ಭಯಾನಕ ಕೃತಿಗಳನ್ನು ಪರಕೀಯವೆಂದು ದೂರವಿಡಬೇಕಾಗಿಲ್ಲ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ತಾನು ಸೃಷ್ಟಿಸಿದ ಜೀವಿಯನ್ನು ಕುರೂಪವೆಂದು ತೊರೆದ ವಿಜ್ಞಾನಿಯ ಕಥೆ. ಹೆದರಬೇಕಾದುದು ಆ ಜೀವಿಗಲ್ಲ, ನಿರ್ದಯೆಗೆ ಎಂಬುದು ಕೊನೆಗೆ ಮನಸ್ಸಿಗೆ ಬರುತ್ತದೆ. ಎಡ್ಗರ್ ಅಲನ್ ಪೋ 1843ರಲ್ಲಿ ಬರೆದ ಕಥೆಯೊಂದರಲ್ಲಿ ಕೊಲೆಗಾರನಿಗೆ ನೆಲಹಾಸಿನ ಕೆಳಗಿನಿಂದ ಸತ್ತವನ ಎದೆಬಡಿತ ಕೇಳುತ್ತದೆ; ಆಲೋಚನೆ, ಪ್ರತಿಕ್ರಮಣಗಳಿಲ್ಲದ ಪಾಪ ಹೇಗೆ ಒಳಗೇ ಬಡಿಯುತ್ತದೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯದು. ಸ್ಟೀವನ್‌ಸನ್ನನ ಜೆಕಿಲ್ ಮತ್ತು ಹೈಡ್ (1886) ಕಥೆಯಲ್ಲಿ ಮರ್ಯಾದಸ್ಥನೊಬ್ಬನು ತನ್ನ ಕಷಾಯಗಳಿಗೆ ಬೇರೆ ದೇಹ ಕೊಟ್ಟು ನೋಡುತ್ತಾನೆ. ಕೊನೆಗೆ ಆ ದೇಹವೇ ಅವನನ್ನು ಆಳುತ್ತದೆ.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಇವುಗಳಿಗಿಂತ ಪ್ರಸಿದ್ಧ, ಕಥನಕೌಶಲವೂ ದೊಡ್ಡದು. ಆದರೆ ಅಲ್ಲಿ ಕೇಡು ಹೊರನಾಡಿನಿಂದ ಹಡಗೇರಿ ಬರುತ್ತದೆ. ಅದನ್ನು ಕೊಂದರೆ ಮನೆ ಮೊದಲಿನಂತೆ ಶುದ್ಧ. ಓದುಗನು ತನ್ನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿಲ್ಲ. ಆದುದರಿಂದ ಅದು ಎರಡನೆಯ ಸಾಲಿನಲ್ಲಿ ನಿಲ್ಲಬೇಕು.

ವ್ಯಾಪಾರಿ ಕುಟುಂಬಗಳು ತಪ್ಪದೆ ಓದಬೇಕಾದ ಕಥೆಗಳು ಎರಡು. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ ಕೋತಿಯ ಪಂಜದ ಕಥೆಯಲ್ಲಿ (1902) ಮುದುಕನೊಬ್ಬ ಮನೆಯ ಸಾಲ ತೀರಿಸಲು ಇನ್ನೂರು ಪೌಂಡು ಬೇಡುತ್ತಾನೆ. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರಧನವಾಗಿ ಅಷ್ಟೇ ಹಣ ಬರುತ್ತದೆ. ಬೇಡಿದ ಲಾಭದ ಬೆಲೆಯನ್ನು ಯಾರು ತೆರುತ್ತಾರೆಂದು ಲೆಕ್ಕದ ಪುಸ್ತಕ ಹೇಳುವುದಿಲ್ಲ, ಕಥೆ ಹೇಳುತ್ತದೆ. ರವೀಂದ್ರನಾಥ ಠಾಕೂರರ ‘ಮಣಿಹಾರಾ’ದಲ್ಲಿ ವ್ಯಾಪಾರಿ ಗಂಡನಿಗೆ ಹಣದ ಮುಗ್ಗಟ್ಟು ಬಂದಾಗ ಹೆಂಡತಿ ಒಡವೆ ಕಳೆದುಹೋದೀತೆಂಬ ಅಂಜಿಕೆಯಿಂದ ಎಲ್ಲವನ್ನೂ ಮೈಮೇಲೆ ಧರಿಸಿ ಮನೆ ಬಿಡುತ್ತಾಳೆ, ಮುಂದೆ ರಾತ್ರಿಯಲ್ಲಿ ಒಡವೆ ತೊಟ್ಟ ಅಸ್ಥಿಪಂಜರವಾಗಿ ಮರಳುತ್ತಾಳೆ. ಸತ್ಯಜಿತ್ ರಾಯ್ 1961ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಪರಿಗ್ರಹ ಪರಿಮಾಣ ವ್ರತದ ಮೇಲೆ ಒಂದು ಗಂಟೆಯ ಪ್ರವಚನ ಮಾಡಲಾರದುದನ್ನು ಈ ಒಂದು ಕಥೆ ಮಾಡಬಲ್ಲದು.

ಕನ್ನಡದಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ (1979) ಭೂತವೇ ಇಲ್ಲದ ಭಯದ ಕಾದಂಬರಿ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಜೊತೆಗಾರರೇ ಬೇಟೆಯಾಡುತ್ತಾರೆ. ವಿದ್ಯಾವಂತರ ಸೂಕ್ಷ್ಮ ಹಿಂಸೆಯನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಕೃತಿಗಳು ಕಡಿಮೆ. ಪ್ರೌಢರಿಗೆ ಮಾತ್ರ ತಕ್ಕುದು.

ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮಾತಾಯಿತು. 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಎಳೆಯ ಹುಡುಗಿಯ ಮೇಲೆ ನಡೆಯುವ ಕ್ಷುದ್ರಪ್ರಯೋಗ, ಅದರ ಹಿಂದಿನ ಧನದಾಸೆ, ಪುಟ ಪುಟಕ್ಕೂ ಏರುವ ಕುತೂಹಲ ಇವುಗಳಲ್ಲಿ ಲೇಖಕರ ನೈಪುಣ್ಯ ನಿಸ್ಸಂದೇಹವಾದುದು. ಆದರೆ ಪುಸ್ತಕ ಮುಚ್ಚಿದ ಓದುಗನ ಕಣ್ಣು ಹೊಸ್ತಿಲ ಮೇಲಿನ ನಿಂಬೆಹಣ್ಣನ್ನು, ನೆರೆಯವರ ನೋಟವನ್ನು ಶಂಕಿಸತೊಡಗುತ್ತದೆ. ಬಾನಾಮತಿಯ ಹೆಸರಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಿರಪರಾಧಿಗಳು ಹಿಂಸೆಗೊಳಗಾದುದುಂಟು. ವಾಮಾಚಾರವನ್ನು ತಡೆಯುವ ಕಾನೂನನ್ನು 2017ರಲ್ಲಿ ರಾಜ್ಯವು ಮಾಡಬೇಕಾಗಿ ಬಂದುದೂ ಇಂಥ ಭಯದ ಫಲವಾಗಿಯೇ. ಅಂಥ ನೆಲದಲ್ಲಿ ಈ ಬಗೆಯ ಕಾದಂಬರಿಗಳನ್ನು ಮಕ್ಕಳ ಕೈಗೆ ವಿವೇಚನೆಯಿಲ್ಲದೆ ಕೊಡುವುದು ಉಚಿತವಲ್ಲ.

ಬಸದಿಯ ಕಪಾಟಿಗೆ

ಟ್ರಸ್ಟುಗಳು ಸ್ವಾಧ್ಯಾಯದ ಕಪಾಟಿನಲ್ಲಿ ಪುರಾಣ, ಪೂಜಾಸಂಗ್ರಹಗಳ ಜೊತೆಗೆ ವಡ್ಡಾರಾಧನೆಯ ಸರಳ ರೂಪ, ಗದಾಯುದ್ಧ ಮತ್ತು ಯಶೋಧರ ಚರಿತೆಗಳ ಸಟೀಕ ಮುದ್ರಣಗಳು, ಮೇಲೆ ಹೇಳಿದ ಆಧುನಿಕ ಕಥೆಗಳು ಇವನ್ನೂ ಇರಿಸಲಿ. ಪರ್ಯುಷಣದ ಒಂದು ಸಂಜೆ ಮಕ್ಕಳಿಗೆ ಹಿಟ್ಟಿನ ಕೋಳಿಯ ಕಥೆಯನ್ನು ಓದಿಸಿ, ಓದಿದ ಮೇಲೆ ಒಂದೇ ಪ್ರಶ್ನೆ ಕೇಳಲಿ: ನಿನಗೆ ಯಾರ ಬಗ್ಗೆ ಅಂಜಿಕೆಯಾಯಿತು? ಉತ್ತರದಿಂದಲೇ ಓದು ಸರಿಯಾಯಿತೋ ಇಲ್ಲವೋ ತಿಳಿಯುತ್ತದೆ.

ಜನ್ನನ ಕಾವ್ಯದಲ್ಲಿ ಬಲಿಗಂಬದ ಎದುರು ನಿಂತ ಆ ಎಳೆಯರ ಹೆಸರು ಅಭಯರುಚಿ ಮತ್ತು ಅಭಯಮತಿ. ಅವರ ಮಾತು ಕೇಳಿ ಮಾರಿದತ್ತನು ಕತ್ತಿಯನ್ನು ಕೆಳಗಿಡುತ್ತಾನೆ. ಕಟ್ಟಿಹಾಕಿದ ಪ್ರಾಣಿಗಳಿಗೆ ಬಿಡುಗಡೆಯಾಗುತ್ತದೆ. ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವೂ ಚತುರ್ವಿಧ ದಾನಗಳಲ್ಲಿ ಒಂದು. ಅದನ್ನು ಕೊಡಲು ಧನ ಬೇಕಾಗಿಲ್ಲ. ಭಯಾನಕ ಕಥೆಯನ್ನು ಓದಿ ಮುಗಿಸಿದವನ ಬಳಿ ಮನೆಯ ಆಳು, ಸಾಲಗಾರ, ಬೀದಿಯ ನಾಯಿ ಇವರು ನಿನ್ನೆಗಿಂತ ಇಂದು ಸ್ವಲ್ಪ ಕಡಿಮೆ ಅಂಜಿ ನಿಲ್ಲುವಂತಾದರೆ ಆ ಓದು ಸಾರ್ಥಕವಾಯಿತು.